ಚಕ್ರ ತಿರುಗಿಸಿ, ಗೆಲ್ಲಿ: ಬಳಸುವ ಮುನ್ನ ಓದಿ

ಅಭಿನಂದನೆಗಳು. ಅಜ್ಜಂಪುರ ತಾಲ್ಲೂಕಿನಲ್ಲಿ ಇಂಟರಾಕ್ಟಿವ್ ಡಿಜಿಟಲ್ ಜಾಹೀರಾತು ಮಾಡಿಕೊಡುವ ಕಸುಬಿಗೆ ನೀವು ಇಳಿದಿದ್ದೀರಿ. ಮಿಕ್ಸಿಯ ಜೊತೆ ಬರುವ ಕೈಪಿಡಿಯನ್ನು ಯಾರೂ ಓದುವುದಿಲ್ಲ. ಜಾರು ಒಡೆದ ಮೇಲೆ ಗ್ಯಾರಂಟಿ ಕಾರ್ಡು ಹುಡುಕುವಾಗ ಅದು ಕೈಗೆ ಸಿಗುತ್ತದೆ. ಇದಕ್ಕೂ ಅದೇ ಗತಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೆಂಗಳೂರಿನ ಏಜೆನ್ಸಿಯೊಂದರಲ್ಲಿ ಆರು ವರ್ಷ ದುಡಿದು, ಊರಿಗೆ ವಾಪಸಾಗಿ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತವನು ನಾನು. ಕೆಳಗಿನಿಂದ ಕೀಟನಾಶಕದ ವಾಸನೆ ಬರುತ್ತದೆ, ಹಾಗಾಗಿ ಯಾವ ಮೀಟಿಂಗೂ ಹೆಚ್ಚು ಹೊತ್ತು ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಈ ಅನುಕೂಲ ಇರಲಿಲ್ಲ.

ಉಪಕರಣದ ಪರಿಚಯ

ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತನ್ನು ನೀವು ನೋಡುತ್ತೀರಿ, ಅದು ನಿಮ್ಮನ್ನು ನೋಡುವುದಿಲ್ಲ. ಇಂಟರಾಕ್ಟಿವ್ ಜಾಹೀರಾತು ನೋಡುಗನ ಕೈಯಲ್ಲಿ ಏನಾದರೂ ಮಾಡಿಸಬೇಕು: ಒತ್ತು, ತಿರುಗಿಸು, ಗೀಚು, ಉತ್ತರ ಹೇಳು. ಅವನು ಮಾಡಿದ್ದಕ್ಕೆ ತಾನೂ ಏನಾದರೂ ಮಾಡಬೇಕು. ಈ ಎರಡನೆಯ ವಾಕ್ಯವನ್ನು ಕಸುಬಿನವರೆಲ್ಲ ಮರೆಯುತ್ತಾರೆ. ಕೈಪಿಡಿಯಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದಿ.

ಇದು ಹೊಸ ವಿದ್ಯೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ತಂದೆ ಕಂಡದ್ದು ಹೀಗೆ: ಟೆಂಟ್ ಸಿನಿಮಾದವರು ಜಟಕಾ ಗಾಡಿಯ ಎರಡೂ ಪಕ್ಕಕ್ಕೆ ಪೋಸ್ಟರ್ ಕಟ್ಟಿ, ಮೈಕ್ ಹಿಡಿದು ಊರು ಸುತ್ತುತ್ತಿದ್ದರು. ಹಿಂದೆ ಕರಪತ್ರಕ್ಕಾಗಿ ಮಕ್ಕಳ ಓಟ. ‘ಇಂದೇ ನೋಡಿರಿ’ ಎಂದು ಮೈಕು ಕೂಗಿದರೆ ‘ಫೈಟಿಂಗ್ ಎಷ್ಟೈತೆ?’ ಎಂದು ಮಕ್ಕಳು ಕೂಗುತ್ತಿದ್ದರು. ‘ನಾಕೈತೆ, ಸರ್ಕೊಳ್ರೋ ಗಾಲಿಗೆ ಸಿಕ್ಕೀರಾ!’ ಎಂದು ಮೈಕು ಉತ್ತರ ಕೊಡುತ್ತಿತ್ತು. ಪ್ರಶ್ನೆ, ಉತ್ತರ, ಅಲ್ಲೇ ತೀರ್ಮಾನ. ಇಷ್ಟು ಒಳ್ಳೆಯ ಇಂಟರಾಕ್ಟಿವ್ ಜಾಹೀರಾತನ್ನು ನಾನು ಇದುವರೆಗೂ ಮಾಡಿಲ್ಲ.

ಇಂಟರ್ನೆಟ್ಟಿನಲ್ಲಿ ಈ ಕಸುಬು ಶುರುವಾದದ್ದು 1994ರ ಅಕ್ಟೋಬರಿನಲ್ಲಿ. ಅಮೆರಿಕದ ಹಾಟ್‌ವೈರ್ಡ್ ಎಂಬ ತಾಣದ ನೆತ್ತಿಯ ಮೇಲೆ ಎಟಿ ಅಂಡ್ ಟಿ ಕಂಪನಿಯವರು ಒಂದು ಪಟ್ಟಿ ಹಾಕಿಸಿದರು. ಇಲ್ಲಿ ಎಂದಾದರೂ ಮೌಸ್ ಒತ್ತಿದ್ದೀರಾ, ಒತ್ತುತ್ತೀರಿ ಎಂಬಂಥ ಮಾತು ಅದರಲ್ಲಿತ್ತು. ನೋಡಿದ ನೂರರಲ್ಲಿ 44 ಮಂದಿ ಒತ್ತಿದರು ಎಂದು ಕಸುಬಿನವರು ಇಂದಿಗೂ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಾರೆ. ಈಗ ನೂರಕ್ಕೆ ಒಬ್ಬ ಒತ್ತಿದರೆ ಪಾರ್ಟಿ ಕೊಡುತ್ತಾರೆ. ಆ ಒಬ್ಬನೂ ಜಾಹೀರಾತನ್ನು ಮುಚ್ಚಲು ಹೋಗಿ ಬೆರಳು ಜಾರಿದವನಾಗಿರಬಹುದು.

ಬೇಕಾಗುವ ಸಾಮಗ್ರಿ

ಒಂದು ಲ್ಯಾಪ್‌ಟಾಪ್. ಒಂದು ಯುಪಿಎಸ್. ಬೇರೆ ಬೇರೆ ಕಂಪನಿಯ ಎರಡು ಸಿಮ್, ಒಂದಕ್ಕೆ ಕೋಣೆಯಲ್ಲಿ ಸಿಗ್ನಲ್ ಇಲ್ಲದಾಗ ಇನ್ನೊಂದಕ್ಕೆ ಮೆಟ್ಟಿಲ ಮೇಲೆ ಸಿಗುತ್ತದೆ. ಫ್ಲೆಕ್ಸ್ ಹಾಕುವವನ ಸ್ನೇಹ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದ್ದು ನಿಮಗೆ ಗೊತ್ತಿರುತ್ತದೆ. ಆ ಸುದ್ದಿ ಫ್ಲೆಕ್ಸ್ ಅಂಗಡಿಗಳಿಗೂ ತಲುಪಿರುತ್ತದೆ. ಜೊತೆಗೆ ಒಬ್ಬ ಹುಡುಗ. ಹುಡುಗ ಯಾಕೆ ಎಂದು ಈಗ ಕೇಳಬೇಡಿ.

ಮೊದಲ ಹಂತ: ಬ್ರೀಫ್ ತೆಗೆದುಕೊಳ್ಳುವುದು

ಬೆಂಗಳೂರಿನಲ್ಲಿ ಬ್ರೀಫ್ ಎಂದರೆ ನಲವತ್ತು ಪುಟದ ಸ್ಲೈಡು. ಇಲ್ಲಿ ಒಂದು ಬೈಟು ಕಾಫಿ. ಗೌರಿ ಹಬ್ಬಕ್ಕೆ ಆರು ವಾರ ಇರುವಾಗ ಜವಳಿ ಅಂಗಡಿಯ ಯಜಮಾನರು ಕರೆಸಿದರು.

“ಏನ್ ಮಾಡ್ಬೇಕು ಯಜಮಾನ್ರೇ?”

“ಏನಾದ್ರೂ ಮಾಡಪ್ಪಾ. ಬೀರೂರಲ್ಲಿ ಯಾರೋ ಮಾಡ್ಸಿದಾರಂತೆ. ಫೋನಲ್ಲಿ ತಿರುಗುತ್ತಂತೆ.”

“ಏನು ತಿರುಗುತ್ತೆ?”

“ಅದನ್ನ ನೀನ್ ಹೇಳ್ಬೇಕು. ಓದಿರೋನು ನೀನು.”

ಬ್ರೀಫ್ ಮುಗಿಯಿತು. ಇದನ್ನು ನೋಟ್ ಪುಸ್ತಕದಲ್ಲಿ ‘ಗ್ರಾಹಕರ ತೊಡಗಿಸಿಕೊಳ್ಳುವಿಕೆಯನ್ನು ಹೆಚ್ಚಿಸುವುದು’ ಎಂದು ಬರೆದುಕೊಳ್ಳಿ. ಬಿಲ್ಲಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಮುಂದಿನ ತೊಡಕು ಅಂಗಡಿಯ ಹೆಸರು. ದೇವರ ಹೆಸರು, ತಾತನ ಹೆಸರು, ‘ಅಂಡ್ ಸನ್ಸ್’, ‘ಜವಳಿ ಹಾಗೂ ಸಿದ್ಧ ಉಡುಪುಗಳ ಮಳಿಗೆ’, ಆಮೇಲೆ ‘ನಮ್ಮಲ್ಲಿ ಮದುವೆ ಬಟ್ಟೆಗಳು ಸಹ ದೊರೆಯುತ್ತವೆ’. ಅಷ್ಟೂ ಮೊಬೈಲ್ ಪರದೆಯ ಮೇಲೆ ಬಂದರೆ ತಿರುಗುವುದಕ್ಕೆ ಜಾಗ ಉಳಿಯುವುದಿಲ್ಲ. ಮೊಟಕು ಮಾಡಿ ಎಂದರೆ ತಾತನಿಗೆ ಅವಮಾನ. ಇಂಥ ಹೊತ್ತಿನಲ್ಲಿ ಊರಿನ ಚರಿತ್ರೆಯನ್ನು ಬಳಸಿ. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ದನಗಳ ಇಲಾಖೆಗೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಅವೇ ದನ, ಅದೇ ಕಾವಲು. ಹೆಸರು ಮಾತ್ರ ಬದಲಾಯಿತು, ಆ ಹೆಸರಲ್ಲೇ ಇಂದಿಗೂ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ನಡೆಯುತ್ತಿದೆ. ಅಜ್ಜಂಪುರ ಸೀತಾರಾಂ ಅವರು ಕಥೆಗಳ ಕೆಳಗೆ ಊರು, ಮನೆತನ ಎಲ್ಲ ಬಿಟ್ಟು ‘ಆನಂದ’ ಎಂದು ಮೂರೇ ಅಕ್ಷರ ಹಾಕಿದರು, ಕನ್ನಡದ ಸಣ್ಣಕತೆ ಓದಿದವರೆಲ್ಲ ಇವತ್ತಿಗೂ ಗುರುತು ಹಿಡಿಯುತ್ತಾರೆ. ಇಷ್ಟನ್ನೂ ಹೇಳಿ ಮುಗಿಸಿದಾಗ ಯಜಮಾನರು ತಲೆದೂಗಿ, “ಸರಿ ಹಂಗಾದ್ರೆ, ‘ಸಹ’ ಅನ್ನೋದ್ ತೆಗ್ದಾಕು” ಎಂದರು.

ಬ್ರೀಫಿನ ನಡುವೆ ಶಾರುಖ್ ಖಾನ್ ಬಂದೇ ಬರುತ್ತಾರೆ, ಸಿದ್ಧರಾಗಿರಿ. 2021ರ ದೀಪಾವಳಿಗೆ ಕ್ಯಾಡ್ಬರಿಯವರು ಒಂದು ವೆಬ್‌ಸೈಟ್ ತೆರೆದಿದ್ದರು. ಕಿರಾಣಿ ಅಂಗಡಿಯವರು ತಮ್ಮ ಅಂಗಡಿಯ ಹೆಸರು ಕೊಟ್ಟರೆ ಶಾರುಖ್ ಖಾನ್ ಆ ಹೆಸರನ್ನೇ ಹೇಳುವ ವಿಡಿಯೊ ತಯಾರಾಗುತ್ತಿತ್ತು. ಅವರು ಒಂದೊಂದು ಅಂಗಡಿಗೂ ಕೂತು ಹೇಳಿದ್ದಲ್ಲ; ಬೆಂಗಳೂರಿನ ರಿಫ್ರೇಸ್ ಎಂಬ ಪುಟ್ಟ ಕಂಪನಿಯ ತಂತ್ರಜ್ಞಾನ ಅವರ ಮುಖಕ್ಕೂ ಧ್ವನಿಗೂ ಮಾತು ಜೋಡಿಸುತ್ತಿತ್ತು. ಆ ಕಂಪನಿಯನ್ನು 2023ರಲ್ಲಿ ಅಡೋಬಿ ಕೊಂಡುಕೊಂಡಿತು. ಇದನ್ನು ಕಂಡವರು “ನಮ್ಗೆ ಅಣ್ಣಾವ್ರ ಬಾಯಲ್ಲಿ ಹೇಳ್ಸು” ಎನ್ನುತ್ತಾರೆ. ಒಪ್ಪಬೇಡಿ. ಶಾರುಖ್ ಖಾನ್ ಒಪ್ಪಿ ಕೊಟ್ಟ ಮುಖ ಅದು. ಡಾ. ರಾಜ್‌ಕುಮಾರ್ ನಂದಿನಿ ಹಾಲಿಗಾಗಿ ಒಂದು ಪೈಸೆ ಮುಟ್ಟದೆ ಜಾಹೀರಾತಿನಲ್ಲಿ ಕಾಣಿಸಿಕೊಂಡವರು. ಅವರ ಮುಖವನ್ನು ಕದ್ದು ನೈಟಿ ಮಾರಿದರೆ ಪೊಲೀಸರಿಗಿಂತ ಮೊದಲು ಅಭಿಮಾನಿಗಳು ಬರುತ್ತಾರೆ.

ಎರಡನೆಯ ಹಂತ: ಚಕ್ರ

ಯಜಮಾನರಿಗೆ ತಿರುಗುವುದೇ ಬೇಕಿದ್ದರಿಂದ ಚಕ್ರ ಮಾಡಿದೆವು. ಫೋನಿನಲ್ಲಿ ಒಂದು ಪುಟ, ಎಂಟು ಭಾಗದ ಬಣ್ಣದ ಚಕ್ರ, ನಡುವೆ ‘ತಿರುಗಿಸಿ’ ಎಂಬ ಗುಂಡಿ. ಒಳಗುಟ್ಟು ಹೇಳಿಬಿಡುತ್ತೇನೆ. ನೀವು ಗುಂಡಿ ಒತ್ತಿದ ಕ್ಷಣದಲ್ಲೇ ಸರ್ವರಿನಲ್ಲಿ ಬಹುಮಾನ ತೀರ್ಮಾನವಾಗಿರುತ್ತದೆ. ಆಮೇಲೆ ನಾಲ್ಕು ಸೆಕೆಂಡು ಚಕ್ರ ತಿರುಗುವುದು, ನಿಧಾನವಾಗುವುದು, ಸೀರೆಯ ಗೆರೆಗೆ ತಾಗಿ ಇನ್ನೇನು ನಿಂತಿತು ಎನ್ನುವಾಗ ಮುಂದಕ್ಕೆ ಜಾರುವುದು, ಎಲ್ಲವೂ ನಾಟಕ. ಜಾರುವ ಆ ಅರ್ಧ ಸೆಕೆಂಡನ್ನು ಸರಿಮಾಡುವುದಕ್ಕೆ ನನಗೆ ಎರಡು ರಾತ್ರಿ ಹಿಡಿಯಿತು. ಕಸುಬಿನ ಹೆಮ್ಮೆ ಇರುವುದು ಅಲ್ಲೇ.

“ಸೀರೆ ಯಾರ್ಗೂ ಬೀಳ್ದಂಗೆ ಮಾಡಕ್ಕಾಗುತ್ತಾ?” ಎಂದು ಯಜಮಾನರು ಮೆಲ್ಲಗೆ ಕೇಳಿದರು.

ಆಗುತ್ತದೆ, ಒಂದು ಅಂಕಿ ಬದಲಿಸಿದರೆ ಸಾಕು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಡುವ ಉದ್ದೇಶವಿಲ್ಲದೆ ಬಹುಮಾನ ಸಾರುವುದು ಅನುಚಿತ ವ್ಯಾಪಾರ. ಅಷ್ಟೇ ಆಗಿದ್ದರೆ ಒಂದು ಸೀರೆ ಕೊಟ್ಟು ಮುಗಿಸಬಹುದಿತ್ತು. ಮಾಲು ಮಾರುವುದಕ್ಕಾಗಿ ಅದೃಷ್ಟದ ಆಟ, ಲಾಟರಿ ನಡೆಸುವುದನ್ನೂ ಆ ಕಾಯ್ದೆ ಅದೇ ಪಟ್ಟಿಗೆ ಸೇರಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷ. ಊರೂರಿನ ಲಕ್ಕಿ ಡ್ರಾ ಡಬ್ಬಗಳು ಇದನ್ನು ಓದಿದಂತೆ ಕಾಣುವುದಿಲ್ಲ, ಆದರೆ ಕೈಪಿಡಿ ಬರೆಯುವವನು ಓದಲೇಬೇಕು. 50 ಲಕ್ಷ ಎಂಬ ಮಾತು ಕೇಳಿದ ಯಜಮಾನರು ಸೀರೆಯ ವಿಷಯ ಮತ್ತೆ ಎತ್ತಲಿಲ್ಲ.

ಕೊನೆಗೆ ಎಂಟೂ ಭಾಗದಲ್ಲಿ ಒಂದೇ ಬಹುಮಾನ ಹಾಕಿದೆವು: ಹತ್ತು ಪರ್ಸೆಂಟ್ ರಿಯಾಯಿತಿ. ಒಂದರಲ್ಲಿ ‘ಹತ್ತು ಪರ್ಸೆಂಟ್’, ಒಂದರಲ್ಲಿ ‘ನೂರಕ್ಕೆ ಹತ್ತು’, ಒಂದರಲ್ಲಿ ‘ಸಾವಿರಕ್ಕೆ ನೂರು’. ಎಲ್ಲಿ ನಿಂತರೂ ಗೆಲುವು. ಕಾನೂನಿಗೂ ಸರಿ, ಗಿರಾಕಿಗೂ ಸಂತೋಷ. ಯಜಮಾನರಿಗೆ ಎಲ್ಲರಿಗಿಂತ ಹೆಚ್ಚು ಸಂತೋಷ, ಏಕೆಂದರೆ ಆ ಹತ್ತು ಪರ್ಸೆಂಟನ್ನು ಚೌಕಾಸಿ ಮಾಡಿದವರಿಗೆ ಅವರು ಮೊದಲಿನಿಂದಲೂ ಬಿಡುತ್ತಿದ್ದರು.

ಅಕ್ಷರ ಕೂಡಿಸುವುದು

ಇಲ್ಲಿ ಬೇಗ ಮುಗಿಸುತ್ತೇನೆ, ಬಿಪಿ ಏರುತ್ತದೆ. ಫೋಟೊಶಾಪಿನಲ್ಲಿ ಭಾರತೀಯ ಲಿಪಿಗಳ ಕಂಪೋಸರ್ ಆಯ್ಕೆ ಮಾಡದೆ ಕನ್ನಡ ಹಾಕಿದರೆ ಒತ್ತಕ್ಷರ ಕಿತ್ತು ಪಕ್ಕಕ್ಕೆ ಬೀಳುತ್ತದೆ. ‘ಅಜ್ಜಂಪುರ’ ಎಂಬ ಹೆಸರೇ ಮೊದಲ ಬಲಿ: ‘ಅಜ್‌ಜಂಪುರ’. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸದೆ ವೆಬ್ ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ ಬರುತ್ತದೆ. ಪ್ರಿಂಟ್ ಆಗುವ ಮುಂಚೆ ಮನೆಯ ಹಿರಿಯರೊಬ್ಬರಿಗೆ ಓದಲು ಕೊಡಿ. ಡಿಸೈನ್ ಹೇಗಿದೆ ಎಂದು ಕೇಳಬೇಡಿ, ಜೋರಾಗಿ ಓದಿಸಿ.

ಮೂರನೆಯ ಹಂತ: ಕ್ಯೂಆರ್ ಕೋಡ್

ಚಕ್ರದ ಪುಟಕ್ಕೆ ಗಿರಾಕಿ ಬರುವುದು ಹೇಗೆ? ಫ್ಲೆಕ್ಸಿನ ಮೇಲೆ ಕ್ಯೂಆರ್. ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿದ್ದು ಅದೇ 1994ರಲ್ಲಿ. ಬಿಡಿಭಾಗಗಳು ಫೋಟೊ ಕೇಳುವುದಿಲ್ಲ. ನಮ್ಮ ಯಜಮಾನರು ಕೋಡಿನ ನಟ್ಟನಡುವೆ ತಮ್ಮ ಫೋಟೊ ಇರಲೇಬೇಕೆಂದರು. ಹಾಕಬಹುದು. ಕೋಡಿನ ಒಂದು ಭಾಗ ಹಾಳಾದರೂ ಉಳಿದದ್ದರಿಂದ ಓದಿಕೊಳ್ಳುವ ವ್ಯವಸ್ಥೆ ಅದರೊಳಗೇ ಇದೆ. ಅತಿ ಹೆಚ್ಚಿನ ಮಟ್ಟದಲ್ಲಿಟ್ಟರೆ ಸುಮಾರು 30 ಪರ್ಸೆಂಟಿನವರೆಗೆ ತಡೆದುಕೊಳ್ಳುತ್ತದೆ. ಹಾಗಾಗಿ ನಿಯಮ: ಯಜಮಾನರ ಮುಖವನ್ನು ಹಾನಿ ಎಂದು ಪರಿಗಣಿಸಿ, 30 ಪರ್ಸೆಂಟ್ ದಾಟದಂತೆ ನೋಡಿಕೊಳ್ಳಿ. ಈ ವಾಕ್ಯವನ್ನು ಅವರ ಮುಂದೆ ಓದಬೇಡಿ.

ದೂರದ ಲೆಕ್ಕ ಇನ್ನೊಂದು. ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದರಷ್ಟು ಅಗಲ ಕೋಡಿಗೆ ಬೇಕು. ಇಪ್ಪತ್ತು ಅಡಿ ದೂರವಾದರೆ ಎರಡಡಿ. ನಾನು ಎರಡಡಿ ಬಿಟ್ಟಿದ್ದೆ. ಫ್ಲೆಕ್ಸಿನವನು ಜಾಗ ಖಾಲಿ ಇದೆಯೆಂದು ಅಲ್ಲಿಗೆ ಯಜಮಾನರ ತಂದೆಯ ಹಾರ ಹಾಕಿದ ಫೋಟೊ ತಂದು, ಕೋಡನ್ನು ಮೂಲೆಗೆ ತಳ್ಳಿ, ಹೊಂದಲಿ ಎಂದು ಅಡ್ಡಡ್ಡ ಎಳೆದಿದ್ದ. ಅದನ್ನು ಸ್ಟೇಷನ್ ರಸ್ತೆಯಲ್ಲಿ ಎರಡು ಕಂಬಗಳ ನಡುವೆ, ದನ ತಿನ್ನದಷ್ಟು ಎತ್ತರಕ್ಕೆ ಕಟ್ಟಿದರು. ಸ್ಕ್ಯಾನ್ ಮಾಡಲು ಬೇಕಿದ್ದದ್ದು ಏಣಿ.

ತಗ್ಗಿಸಿ ಕಟ್ಟಿಸಿದ ಮೇಲೆ ನಿಜವಾದ ದೋಷ ಗೊತ್ತಾಯಿತು. ನಮ್ಮೂರಲ್ಲಿ ಕ್ಯೂಆರ್ ಎಂದರೆ ದುಡ್ಡು ಕೊಡುವ ಜಾಗ. ಟೀ ಅಂಗಡಿ, ತರಕಾರಿ ಗಾಡಿ, ದೇವಸ್ಥಾನದ ಹುಂಡಿ, ಎಲ್ಲೆಲ್ಲೂ ಅದು ಕೇಳುವುದು ಒಂದನ್ನೇ. ಜನ ಫೋನ್‌ಪೇ ತೆರೆದು ಹಿಡಿದರು. ಇದು ಪಾವತಿಯ ಕೋಡ್ ಅಲ್ಲ ಎಂದು ಅದು ತಿರಸ್ಕರಿಸಿತು. ಒಬ್ಬರು ಅಂಗಡಿಗೇ ಬಂದು, “ದುಡ್ಡು ಹೋಗ್ಲಿಲ್ಲ, ಕ್ಯಾಶೇ ಕೊಡ್ಲಾ? ಯಾತಕ್ ಕೊಡ್ಬೇಕು?” ಎಂದು ಕೇಳಿದರು. ಆಕಾರ ನೋಡಿದ ಕೂಡಲೇ ಜನರ ಕೈ ತಾನಾಗಿ ಏನು ಮಾಡುತ್ತದೆ ಎಂಬುದು ಮುಖ್ಯ. ಇದನ್ನು ಚೆನ್ನಾಗಿ ತಿಳಿದಿದ್ದವರು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್ ಅಂಟಿಸಿದ ಕಾಂಗ್ರೆಸ್ಸಿನವರು. ಪೇಟಿಎಂ ಎಂದುಕೊಂಡು ಸ್ಕ್ಯಾನ್ ಮಾಡಿದರೆ ಆಗಿನ ಸರ್ಕಾರದ ವಿರುದ್ಧ ದೂರಿನ ವೆಬ್‌ಸೈಟು ತೆರೆಯುತ್ತಿತ್ತು. ಪಕ್ಷದ ಮಾತು ಪಕ್ಕಕ್ಕಿಡಿ. ದುಡ್ಡು ಕೇಳುವ ಕೋಡನ್ನೇ ಮಾತಾಗಿ ಬಳಸಿದ್ದು ಕಸುಬಿನ ಕಣ್ಣಿಗೆ ಪಕ್ಕಾ ಕೆಲಸ.

ವೃತ್ತ ಎಳೆಯುವುದು

ಫೇಸ್‌ಬುಕ್ಕಿನಲ್ಲಿ ಜಾಹೀರಾತು ಎಲ್ಲಿಯವರಿಗೆ ಕಾಣಬೇಕೆಂದು ನಕ್ಷೆಯ ಮೇಲೆ ವೃತ್ತ ಎಳೆಯಬೇಕು. ಅಜ್ಜಂಪುರದ ಸುತ್ತ 25 ಕಿಲೋಮೀಟರ್ ಎಳೆದರೆ ತರೀಕೆರೆ, ಬೀರೂರು, ಕಡೂರು ಮೂರೂ ಒಳಗೆ ಬಂದವು. ಹೊಸದುರ್ಗ ಹೊರಗೆ ಉಳಿಯಿತು. ತರೀಕೆರೆಯವರು ಬಟ್ಟೆಗೆಂದು ಅಜ್ಜಂಪುರಕ್ಕೆ ಬರುವುದು ಕಡಿಮೆ. ಅವರಿಗೆ ಇನ್ನೂ ಅಜ್ಜಂಪುರ ತಮ್ಮ ತಾಲ್ಲೂಕಿನ ಒಂದು ಹೋಬಳಿ. ವೃತ್ತದಲ್ಲಿ ಅಮೃತ ಮಹಲ್ ಕಾವಲೂ ಸೇರಿತ್ತು, ಅಲ್ಲಿನ ನಿವಾಸಿಗಳು ಹಬ್ಬಕ್ಕೆ ಬಟ್ಟೆ ಕೊಳ್ಳುವುದಿಲ್ಲ.

ನನಗೆ ತಡವಾಗಿ ಹೊಳೆದದ್ದನ್ನು ನೀವು ಮೊದಲೇ ಮಾಡಿ: ಇನ್ನೊಂದು ವೃತ್ತವನ್ನು ಪೀಣ್ಯ, ದಾಸರಹಳ್ಳಿಯ ಸುತ್ತ ಎಳೆಯಿರಿ. ನಮ್ಮ ಕಡೆಯ ಹುಡುಗ ಹುಡುಗಿಯರು ದುಡಿಯುತ್ತಿರುವುದು ಅಲ್ಲಿ. ಅಮ್ಮನಿಗೆ ಯಾವ ಸೀರೆ ಎಂದು ವಾಟ್ಸಾಪಿನಲ್ಲಿ ತೀರ್ಮಾನವಾಗುವುದೂ ಅಲ್ಲಿಂದ. ಅಂತರಘಟ್ಟೆ ಜಾತ್ರೆಯ ಹೊತ್ತಿಗೆ ಪಾನಕದ ಗಾಡಿಗಳ ವಿಡಿಯೊವನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡುವವರು ಜಾತ್ರೆಗೆ ರಜ ಸಿಗದವರು.

ಎಚ್ಚರಿಕೆ

ಚಕ್ರ ತಿರುಗಿಸುವ ಮೊದಲು ಹೆಸರು, ನಂಬರು ಕೇಳುವ ಆಸೆಯಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾಕೆ ತೆಗೆದುಕೊಳ್ಳುತ್ತೀರಿ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. 18 ತುಂಬದವರಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಅಮ್ಮನ ಫೋನಿನಲ್ಲಿ ಚಕ್ರ ತಿರುಗಿಸುವವರು ಬಹುಪಾಲು ಆರನೇ ಕ್ಲಾಸಿನವರು. ನಾವು ಏನನ್ನೂ ಕೇಳಲಿಲ್ಲ. ಗೆದ್ದ ಪರದೆಯನ್ನು ಅಂಗಡಿಯಲ್ಲಿ ತೋರಿಸಿದರೆ ಸಾಕು ಎಂದೆವು.

ವಾಟ್ಸಾಪ್ ಬ್ರಾಡ್‌ಕಾಸ್ಟಿನಲ್ಲಿ ಒಂದು ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತದೆ. ಯಾವ ಹೆಸರಿನಲ್ಲಿ ಸೇವ್ ಮಾಡಿಕೊಂಡಿದ್ದಾರೆ ಎಂದು ನೋಡಲು ಹೋಗಬೇಡಿ. ನಮ್ಮ ಯಜಮಾನರು ಒಬ್ಬರ ಫೋನಿನಲ್ಲಿ ‘ಬಟ್ಟೆ ಬಾಕಿ’ ಎಂದಿದ್ದರು.

ನಾಲ್ಕನೆಯ ಹಂತ: ಹುಡುಗ

“ಒಂದು ನಂಬರ್ ಹಾಕಪ್ಪಾ, ಮಿಸ್ ಕಾಲ್ ಕೊಡ್ಲಿ” ಎಂದರು ಯಜಮಾನರು. ಏಜೆನ್ಸಿಯಲ್ಲಿ ಕಲಿತವನಿಗೆ ಅದು ಹಳೆಯ ಕಾಲದ ಮಾತು ಅನಿಸಿತು. ಯೋಚಿಸಿದರೆ, ಇಡೀ ಕಸುಬಿನಲ್ಲಿ ನಮ್ಮ ನೆಲದಲ್ಲೇ ಹುಟ್ಟಿದ ಉಪಕರಣ ಅದೊಂದೇ. ಕಾಲ್‌ಗೆ ದುಡ್ಡು ಹೋಗುತ್ತಿದ್ದ ದಿನಗಳಲ್ಲಿ ಒಂದು ರಿಂಗ್ ಎಂದರೆ ಹೊರಟೆ, ಎರಡು ರಿಂಗ್ ಎಂದರೆ ತಲುಪಿದೆ. ಈ ಭಾಷೆಯನ್ನೇ ಬಂಡವಾಳ ಮಾಡಿಕೊಂಡು 2010ರಲ್ಲಿ ಬೆಂಗಳೂರಿನಲ್ಲಿ ಜಿಪ್‌ಡಯಲ್ ಎಂಬ ಕಂಪನಿ ಶುರುವಾಯಿತು. ಜಾಹೀರಾತಿನ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಕಾಲ್ ತಾನೇ ಕಟ್ ಆಗಿ ಕ್ರಿಕೆಟ್ ಸ್ಕೋರೋ ಕೂಪನ್ನೋ ಫೋನಿಗೆ ಬರುತ್ತಿತ್ತು. 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಮರುವರ್ಷ ಜಿಯೊ ಬಂದು ಕಾಲ್ ಪುಕ್ಕಟೆಯಾಯಿತು. ಮಿಸ್ಡ್ ಕಾಲ್ ಕೊಡುವ ಅಭ್ಯಾಸ ಮಾತ್ರ ನಮ್ಮ ಕಡೆ ಹೋಗಲಿಲ್ಲ.

ತಾನಾಗಿ ಮೆಸೇಜ್ ಹೋಗುವಂತೆ ಮಾಡಲು ಟ್ರಾಯ್ ನಿಯಮದಂತೆ ಕಂಪನಿ, ಹೆಸರು, ಮೆಸೇಜಿನ ಒಕ್ಕಣೆ ಎಲ್ಲ ನೋಂದಾಯಿಸಬೇಕು. ಒಂದು ಜವಳಿ ಅಂಗಡಿಗೆ ಅಷ್ಟೆಲ್ಲ ಯಾಕೆಂದು ಹುಡುಗನನ್ನು ಕೂರಿಸಿದೆವು. ಮಿಸ್ಡ್ ಕಾಲ್ ಬಂದ ನಂಬರಿಗೆ ಅವನು ವಾಪಸ್ ಮಾಡುತ್ತಾನೆ: “ಅಕ್ಕಾ, ಜವಳಿ ಅಂಗಡಿಯಿಂದ. ಏನ್ ನೋಡ್ತಿದ್ರಿ?” ಆ ಕಡೆಯಿಂದ ಬಣ್ಣ, ಅಂಚು, ರೇಟು, ಮಗಳ ಮದುವೆ, ಈ ಸಲದ ಮಳೆ, ಎಲ್ಲ ಬರುತ್ತದೆ. ಹುಡುಗ ಸೀರೆಯ ಫೋಟೊ ಕಳಿಸುತ್ತಾನೆ. ಚಕ್ರದಲ್ಲಿ ನಾನು ಎರಡು ರಾತ್ರಿ ಕೂತು ಮಾಡಿದ ನಾಟಕ ಈ ಹುಡುಗನ “ಏನ್ ನೋಡ್ತಿದ್ರಿ” ಎಂಬ ಮಾತಿನ ಮುಂದೆ ನಿಲ್ಲಲಿಲ್ಲ.

ದೋಷಗಳು, ಪರಿಹಾರಗಳು

ಲೈಕ್ ಬರುತ್ತಿವೆ, ಗಿರಾಕಿ ಬರುತ್ತಿಲ್ಲ: ಲೈಕ್ ಒತ್ತುತ್ತಿರುವವರು ಯಜಮಾನರ ಬೀಗರು. ರಿಪೋರ್ಟಿನಲ್ಲಿ ಸೇರಿಸಿಕೊಳ್ಳಿ.

ಯಾರೂ ಕೊಳ್ಳುತ್ತಿಲ್ಲ: ಈರುಳ್ಳಿ ರೇಟು ನೋಡಿ. ಯಶವಂತಪುರದ ಮಾರುಕಟ್ಟೆಯಲ್ಲಿ ರೇಟು ಇದ್ದರೆ ನಮ್ಮೂರಲ್ಲಿ ಜಾಹೀರಾತೇ ಬೇಡ, ರೇಟು ಇಲ್ಲದಿದ್ದರೆ ಯಾವ ಜಾಹೀರಾತೂ ನಡೆಯುವುದಿಲ್ಲ. ಇದಕ್ಕೆ ಸಾಫ್ಟ್‌ವೇರ್ ಇಲ್ಲ.

ಗಿರಾಕಿ ಎರಡು ಸಲ ಗೆಲ್ಲುತ್ತಿದ್ದಾಳೆ: ಇದು ನನ್ನ ಕಣ್ಣೆದುರೇ ಆದದ್ದು. ಶಿವನಿ ಕಡೆಯ ಒಬ್ಬ ಹೆಂಗಸು ಮೂರು ಸೀರೆ ಆರಿಸಿ, ಫೋನನ್ನು ಕೌಂಟರಿನ ಮೇಲಿಟ್ಟು, “ಅಣ್ಣಾ, ಚಕ್ರದಲ್ಲಿ ಹತ್ತು ಬಂದೈತೆ” ಎಂದರು.

“ಹೌದಮ್ಮಾ, ಹತ್ತು ಪರ್ಸೆಂಟ್ ಕಳ್ದೇ ಬಿಲ್ ಹಾಕಿದೀನಿ.”

“ಅದು ಚಕ್ರ ಕೊಟ್ಟಿದ್ದು. ನೀವೇನ್ ಕೊಡ್ತೀರಾ?”

ಯಜಮಾನರು ನನ್ನ ಮುಖ ನೋಡಿದರು. ನಾನು ಲ್ಯಾಪ್‌ಟಾಪ್ ನೋಡಿದೆ. ಇನ್ನೂ ಐದು ಪರ್ಸೆಂಟ್ ಬಿಟ್ಟು, ಒಂದು ರವಿಕೆ ಬಟ್ಟೆ ಕೊಟ್ಟ ಮೇಲೆ ಅವರು ಎದ್ದರು. ಪರಿಹಾರ: ಇಲ್ಲ. ಮುಂದಿನ ಸಲ ಚಕ್ರದಲ್ಲಿ ಐದೇ ಹಾಕಿ.

ವಾರಂಟಿ

ಹಬ್ಬ ಮುಗಿದು ಮೂರನೆಯ ದಿನ ಚಕ್ರದ ಪುಟ ತೆಗೆದೆವು. ಫ್ಲೆಕ್ಸ್ ಯಾರದೋ ಕಣದ ಮೇಲೆ, ಮಳೆಗೆ ಈರುಳ್ಳಿ ನೆನೆಯದಂತೆ ಹೊದಿಸಿದೆ; ಯಜಮಾನರ ತಂದೆ ಆಕಾಶ ನೋಡುತ್ತಿದ್ದಾರೆ. ನನ್ನ ಬಿಲ್ಲಿನಲ್ಲಿ ಅರ್ಧ ಬಂದಿದೆ, ಉಳಿದದ್ದು ದೀಪಾವಳಿಗಂತೆ. ಮಿಸ್ಡ್ ಕಾಲ್ ನಂಬರು ಇನ್ನೂ ನಡೆಯುತ್ತಿದೆ, ಅಂಗಡಿಯ ಬೋರ್ಡಿನ ಮೇಲೇ ಬರೆಸಿದ್ದಾರೆ. ನೀವೂ ಕೊಡಬಹುದು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಬೇಡ, ಹುಡುಗ ಊಟಕ್ಕೆ ಹೋಗಿರುತ್ತಾನೆ.